ಪೋಸ್ಟ್‌ಗ್ರೆಸ್ ಹೊಸ ವರ್ಷನ್ ಬಂತು, ಈಗ್ಲೇ ಹೋಗೋದಾ ಕಾಯೋದಾ? ಹೆಜ್ಜೆ ಹೆಜ್ಜೆಯಾಗಿ ತೀರ್ಮಾನ ಮಾಡೋದು ಹೇಗೆ

ಪ್ರತಿ ವರ್ಷ ಸೆಪ್ಟೆಂಬರ್ ಕೊನೆ ಹೊತ್ತಿಗೆ, ಕೆಲವು ವರ್ಷ ಅಕ್ಟೋಬರಲ್ಲಿ, ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್‌ದು ಒಂದು ಹೊಸ ಮೇಜರ್ (ದೊಡ್ಡ) ವರ್ಷನ್ ಬರತ್ತೆ. ಬಂದ ಮಾರನೇ ದಿನ ಟೀಮಲ್ಲಿ ಯಾರಾದ್ರೂ ಕೇಳೇ ಕೇಳ್ತಾರೆ, "ಸಾರ್, ನಾವು ಯಾವಾಗ ಹೋಗೋದು?" ಅಂತ. ನಾನು ನೋಡಿದ ಹಾಗೆ ಇದಕ್ಕೆ ಎರಡೇ ಉತ್ತರ ಓಡಾಡ್ತಿರತ್ತೆ, ಒಂದು "ಓಡ್ತಿರೋದನ್ನ ಯಾಕೆ ಮುಟ್ಟೋದು ಬಿಡ್ರೀ", ಇನ್ನೊಂದು "ಹೊಸದು ತುಂಬಾ ಫಾಸ್ಟ್ ಅಂತೆ, ಈ ಶನಿವಾರವೇ ಮಾಡ್ಬಿಡೋಣ". ಎರಡ್ರಲ್ಲೂ ಯೋಚನೆ ಇಲ್ಲ. ಮೊದಲ್ನೇ ಉತ್ತರ ಕೊಟ್ಟವರು ನಾಲ್ಕೈದು ವರ್ಷ ಆದ್ಮೇಲೆ ಸಂತೆ ಹೊತ್ತಿಗೆ ಮೂರು ಮೊಳ ನೇಯೋಕೆ ಕೂರ್ತಾರೆ, ಎರಡನೇದು ಕೊಟ್ಟವರು ಬೇರೆಯವರ ಬಗ್‌ನ ತಮ್ಮ ಗ್ರಾಹಕರ ಡೇಟಾ ಮೇಲೆ ಕಂಡುಹಿಡೀತಾರೆ.

ತೀರ್ಮಾನಕ್ಕೆ ಬೇಕಾಗಿರೋದು ಎರಡು ತಾರೀಕು ಮತ್ತೆ ಒಂದು ರಿಹರ್ಸಲ್. ಉಳಿದಿದ್ದೆಲ್ಲ ಇವುಗಳ ಸುತ್ತ ಸುತ್ತೋ ವಿಷಯ. ನಾನು ಇಲ್ಲಿ ಪೋಸ್ಟ್‌ಗ್ರೆಸ್ ಇಟ್ಕೊಂಡೇ ಹೇಳ್ತೀನಿ ಯಾಕಂದ್ರೆ ನಾನು ದಿನಾ ಕೈಯಾಡಿಸೋದು ಅದ್ರಲ್ಲೇ, ಮೈಎಸ್‌ಕ್ಯೂಎಲ್ ಅನ್ನೋ ಇನ್ನೊಂದು ಡೇಟಾಬೇಸ್ ಇರೋರಿಗೆ ಎಲ್ಲಿ ಬೇರೆ ಆಗತ್ತೋ ಅದನ್ನ ಕೊನೆ ಹತ್ರ ಹೇಳ್ತೀನಿ.

ಮೊದಲು: ನಿಮ್ಮ ಹತ್ರ ಇರೋದು ಯಾವ್ದು, ಹೋಗ್ಬೇಕಾಗಿರೋದು ಮೇಜರಾ ಮೈನರಾ

ಸರ್ವರ್‌ಗೆ ಲಾಗಿನ್ ಆಗಿ ವರ್ಷನ್ ಕೇಳಿ, ನೆನಪಿಂದ ಹೇಳ್ಬೇಡಿ. ಪ್ರೊಡಕ್ಷನ್ (ಗ್ರಾಹಕರು ನಿಜವಾಗಿ ಬಳಸೋದು) ಒಂದೇ ಅಲ್ಲ, ರೆಪ್ಲಿಕಾ (ಅದರದ್ದೇ ನಕಲು ಸರ್ವರ್), ರಿಪೋರ್ಟಿಂಗ್‌ಗೆ ಅಂತ ಯಾರೋ ಎಬ್ಬಿಸಿಟ್ಟ ಸರ್ವರ್, ಸ್ಟೇಜಿಂಗ್ (ಟೆಸ್ಟ್‌ಗೆ ಇಟ್ಟಿರೋದು), ಎಲ್ಲದ್ರದ್ದೂ ಒಂದು ಶೀಟಲ್ಲಿ ಬರ್ಕೊಳ್ಳಿ, ಜೊತೆಗೆ ಅದು ಯಾವ ಓಎಸ್ ಮೇಲಿದೆ ಅನ್ನೋದನ್ನೂ. ಓಎಸ್ ಯಾಕೆ ಅಂತ ಆಮೇಲೆ ಗೊತ್ತಾಗತ್ತೆ.

2017ರಲ್ಲಿ ಬಂದ 10ನೇ ವರ್ಷನ್‌ನಿಂದ ಲೆಕ್ಕ ಸುಲಭ ಆಯ್ತು, ಚುಕ್ಕಿಗೆ ಮುಂಚೆ ಇರೋದು ಮೇಜರ್, ಚುಕ್ಕಿ ಆದ್ಮೇಲೆ ಇರೋದು ಮೈನರ್. ಅದಕ್ಕಿಂತ ಹಿಂದೆ 9.5, 9.6 ಇವೆಲ್ಲ ಒಂದೊಂದೂ ಬೇರೆ ಬೇರೆ ಮೇಜರ್ರೇ, ಹಳೇ ಸಿಸ್ಟಮ್ ಇರೋರು "9ರಲ್ಲೇ ಇದೀವಿ ಬಿಡಿ" ಅಂತ ಮೋಸ ಹೋಗ್ಬೇಡಿ.

ಮೈನರ್ ಬಗ್ಗೆ ತೀರ್ಮಾನ ಮಾಡೋಕೆ ಹೆಚ್ಚೇನೂ ಇಲ್ಲ, ಹಾಕ್ಕೊಳ್ಳಿ ಅಷ್ಟೇ. ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ತಿಂಗಳ ಎರಡನೇ ಗುರುವಾರ ಮೈನರ್ ರಿಲೀಸ್ ಬರತ್ತೆ, ಅದ್ರಲ್ಲಿ ಹೊಸ ಫೀಚರ್ ಇರಲ್ಲ, ಬಗ್ ಮತ್ತೆ ಸೆಕ್ಯುರಿಟಿ ಸರಿ ಮಾಡಿರ್ತಾರೆ, ಡಿಸ್ಕ್ ಮೇಲಿನ ಡೇಟಾ ರೂಪ ಬದಲಾಗಲ್ಲ, ಪ್ಯಾಕೇಜ್ ಬದಲಿಸಿ ರೀಸ್ಟಾರ್ಟ್ ಮಾಡಿದ್ರೆ ಮುಗೀತು. ಆದ್ರೆ ಅದೇ ದಿನ ಹಾಕ್ಬೇಡಿ, ಒಂದು ವಾರ ಹತ್ತು ದಿನ ಬಿಡಿ. 2024ರ ನವೆಂಬರ್ 14ಕ್ಕೆ 17.1 ಮತ್ತೆ ಅದ್ರ ಜೊತೆಗಿನ ಹಳೇ ಸಾಲಿನ ಮೈನರ್‌ಗಳು ಬಂದ್ವು, ಅದ್ರಲ್ಲಿ ಒಳಗಿನ ಒಂದು ಬದಲಾವಣೆ ಇಂದ ಕೆಲವು ಎಕ್ಸ್‌ಟೆನ್ಶನ್‌ಗಳು (ಡೇಟಾಬೇಸ್‌ಗೆ ಮೇಲಿಂದ ಸೇರಿಸ್ಕೊಳ್ಳೋ ಪ್ಲಗಿನ್‌ಗಳು) ತೊಂದ್ರೆ ಕೊಟ್ವು, ಸರಿಯಾಗಿ ಒಂದು ವಾರಕ್ಕೆ ನವೆಂಬರ್ 21ಕ್ಕೆ 17.2 ಬಿಡಬೇಕಾಯ್ತು. ಒಂದು ವಾರ ಕಾದವರಿಗೆ ಇದು ಸುದ್ದಿ ಮಾತ್ರ. ತೀರಾ ಗಂಭೀರ ಸೆಕ್ಯುರಿಟಿ ತೂತು, ನಿಮ್ಮ ಡೇಟಾಬೇಸ್ ಹೊರಗಡೆಯಿಂದ ಮುಟ್ಟೋ ಹಾಗಿದೆ ಅಂದ್ರೆ ಮಾತ್ರ ಕಾಯ್ಬೇಡಿ.

ಇನ್ಮೇಲೆ ಹೇಳೋದೆಲ್ಲ ಮೇಜರ್ ಬಗ್ಗೆ.

ಎರಡು ತಾರೀಕು

ಮೊದಲ್ನೇ ತಾರೀಕು, ಈಗಿರೋ ವರ್ಷನ್‌ಗೆ ಸಪೋರ್ಟ್ ಮುಗಿಯೋ ದಿನ. ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ಮೇಜರ್‌ಗೂ ಸುಮಾರು 5 ವರ್ಷ ಆಯಸ್ಸು, ನವೆಂಬರ್ ತಿಂಗಳ ಮೈನರ್ ರಿಲೀಸ್ ಜೊತೆ ಅದು ನಿಲ್ಲತ್ತೆ. 12ನೇದು 2024ರ ನವೆಂಬರಲ್ಲಿ ನಿಂತೋಯ್ತು, 13ನೇದು 2025ರ ನವೆಂಬರಲ್ಲಿ. 14ಕ್ಕೆ 2026ರ ನವೆಂಬರ್, 15ಕ್ಕೆ 2027, 16ಕ್ಕೆ 2028, 17ಕ್ಕೆ 2029. ಈ ತಾರೀಕನ್ನ ನಿಮ್ಮ ಶೀಟಲ್ಲಿ ಕೆಂಪಲ್ಲಿ ಬರೀರಿ, ಆಮೇಲೆ ಅದ್ರಿಂದ ಹಿಂದಕ್ಕೆ ಒಂದು ಪೂರ್ತಿ ವರ್ಷ ಎಣಿಸಿ ಅಲ್ಲಿ ಇನ್ನೊಂದು ಗೆರೆ ಹಾಕಿ. ಆ ಗೆರೆ ದಾಟಿದ್ರೆ ನೀವು ತಡ ಮಾಡಿದೀರಿ ಅಂತ ಅರ್ಥ. ಒಂದು ವರ್ಷ ಜಾಸ್ತಿ ಆಯ್ತು ಅನ್ನಿಸ್ಬಹುದು, ಆದ್ರೆ ಡ್ರೈವರ್ (ಆಪ್‌ನ ಡೇಟಾಬೇಸ್‌ಗೆ ಜೋಡಿಸೋ ಲೈಬ್ರರಿ) ಹಳೇದು, ಆ ಡ್ರೈವರ್ ಬದಲಿಸೋಕೆ ಜಾವಾ ಹಳೇದು, ಜಾವಾ ಬದಲಿಸೋಕೆ ಆ ಆಪ್ ಬರೆದವರು ಕೆಲಸ ಬಿಟ್ಟು ಹೋಗಿದಾರೆ, ಹೀಗೆ ಒಂದಕ್ಕೊಂದು ಗಂಟು ಬಿಚ್ಚೋದ್ರಲ್ಲಿ ವರ್ಷ ಎಲ್ಲಿ ಹೋಯ್ತು ಅಂತಾನೇ ಗೊತ್ತಾಗಲ್ಲ.

ಕ್ಲೌಡಲ್ಲಿ ಇರೋರಿಗೆ ಈ ತಾರೀಕು ದುಡ್ಡಿನ ರೂಪದಲ್ಲೇ ಬರತ್ತೆ. ಅಮೆಜಾನ್‌ನ ಡೇಟಾಬೇಸ್ ಸೇವೆ ಆರ್‌ಡಿಎಸ್‌ನಲ್ಲಿ ಅವರ ಸ್ಟ್ಯಾಂಡರ್ಡ್ ಸಪೋರ್ಟ್ ಮುಗಿದ ವರ್ಷನ್ ಮೇಲೆ ಕೂತಿದ್ರೆ ಎಕ್ಸ್‌ಟೆಂಡೆಡ್ ಸಪೋರ್ಟ್ ಅಂತ ಒಂದೊಂದು ವಿಸಿಪಿಯುಗೂ (ಬಾಡಿಗೆಗೆ ತಗೊಂಡ ಪ್ರಾಸೆಸರ್ ಪಾಲು) ಗಂಟೆ ಲೆಕ್ಕದಲ್ಲಿ ಬಿಲ್ ಬೀಳತ್ತೆ, 2024ರಿಂದ ಮೈಎಸ್‌ಕ್ಯೂಎಲ್ 5.7 ಮತ್ತೆ ಪೋಸ್ಟ್‌ಗ್ರೆಸ್ 11 ಇಟ್ಕೊಂಡಿದ್ದವರು ಕಟ್ಟಿದಾರೆ. ಅವರ ತಾರೀಕು ಪೋಸ್ಟ್‌ಗ್ರೆಸ್‌ನವರ ತಾರೀಕೇ ಆಗಿರ್ಬೇಕು ಅಂತಿಲ್ಲ, ಎರಡನ್ನೂ ನೋಡಿ. ಮ್ಯಾನೇಜರ್‌ಗೆ ಅಪ್‌ಗ್ರೇಡ್ ಒಪ್ಪಿಸೋದು ಕಷ್ಟ ಅನ್ನೋರು ಈ ಬಿಲ್‌ನ ಲೆಕ್ಕ ಹಾಕಿ ತೋರಿಸಿ, ಸೆಕ್ಯುರಿಟಿ ಪಾಠಕ್ಕಿಂತ ಬೇಗ ಅರ್ಥ ಆಗತ್ತೆ.

ಎರಡನೇ ತಾರೀಕು, ಹೊಸ ವರ್ಷನ್ ಪಕ್ವ ಆಗೋ ದಿನ. ಇದನ್ನ ಯಾರೂ ಘೋಷಣೆ ಮಾಡಲ್ಲ, ನಾವೇ ಅಂದಾಜು ಮಾಡ್ಕೋಬೇಕು. ನಾನು ಇದಕ್ಕೆ ಇಟ್ಕೊಂಡಿರೋ ಅಳತೆ, ಮೇ ತಿಂಗಳ ಮೈನರ್ ಬಂದು ಒಂದು ತಿಂಗಳಾದ್ರೂ ಕಳೀಬೇಕು. ಯಾಕೆ ಅಂತ 14ನೇ ವರ್ಷನ್ ಕಥೆ ನೋಡಿದ್ರೆ ತಿಳಿಯತ್ತೆ. 14 ಬಂದಿದ್ದು 2021ರ ಸೆಪ್ಟೆಂಬರ್ 30ಕ್ಕೆ. ಟೇಬಲ್ ಲಾಕ್ ಮಾಡ್ದೆ ಇಂಡೆಕ್ಸ್ (ಸಾಲುಗಳನ್ನ ಬೇಗ ಹುಡುಕೋಕೆ ಇರೋ ಪಟ್ಟಿ) ಕಟ್ಟೋ ಕಾನ್‌ಕರೆಂಟ್ಲಿ ಆಪ್ಶನ್ ಇದೆಯಲ್ಲ, ನಾವೆಲ್ಲ ಪ್ರೊಡಕ್ಷನ್ನಲ್ಲಿ ಕಣ್ಮುಚ್ಚಿ ಬಳಸೋದು, ಅದನ್ನ ಬಳಸಿ ಇಂಡೆಕ್ಸ್ ಕಟ್ಟಿದ್ರೆ ಕೆಲವು ಸಲ ಇಂಡೆಕ್ಸ್ ಸದ್ದಿಲ್ದೆ ಕೆಟ್ಟೋಗ್ತಿತ್ತು, ಎರರ್ ಇಲ್ಲ ಏನಿಲ್ಲ, ಇರೋ ಸಾಲು ಹುಡುಕಿದ್ರೆ ಸಿಗಲ್ಲ ಅಷ್ಟೇ. ಇದನ್ನ ಸರಿ ಮಾಡಿದ 14.4 ಬಂದಿದ್ದು 2022ರ ಜೂನ್ 16ಕ್ಕೆ, ಅದೂ ಮಾಮೂಲಿ ವೇಳಾಪಟ್ಟಿ ಬಿಟ್ಟು. ಅಂದ್ರೆ ಎಂಟೂವರೆ ತಿಂಗಳು ಆ ತೂತು ಇತ್ತು, ಮೇ ತಿಂಗಳ 14.3ರಲ್ಲೂ ಇತ್ತು. ಪೋಸ್ಟ್‌ಗ್ರೆಸ್ ಮಾಡೋರು ಬಹಳ ಜತನದ ಜನ, ನಾನು ಅವರ ಕೆಲಸವನ್ನ ಮನಸಾರೆ ಮೆಚ್ಚೋನು, ಆದ್ರೂ ಇಂಥದ್ದು ಆಗತ್ತೆ ಯಾಕಂದ್ರೆ ನಿಜವಾದ ಲೋಡ್ ಬೀಳೋದು ಜನ ಪ್ರೊಡಕ್ಷನ್‌ಗೆ ಹಾಕಿದ್ಮೇಲೇ.

ಹಾಗಾಗಿ ಮೇಲಿನ ಲೆಕ್ಕ ಸೇರಿಸಿದ್ರೆ ಒಂದು ಕಿಟಕಿ ಸಿಗತ್ತೆ, ಸೆಪ್ಟೆಂಬರಲ್ಲಿ ಬಂದ ವರ್ಷನ್‌ಗೆ ಮುಂದಿನ ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ. ನಮ್ಮ ಕಡೆ ಇದು ಇನ್ನೊಂದು ಕಾರಣಕ್ಕೂ ಅನುಕೂಲ, ಮಾರ್ಚ್ ಎಂಡ್ ಗಲಾಟೆ ಮುಗಿದಿರತ್ತೆ, ಗಣೇಶ ಹಬ್ಬದಿಂದ ದೀಪಾವಳಿವರೆಗಿನ ವ್ಯಾಪಾರದ ಲೋಡ್ ಇನ್ನೂ ಶುರು ಆಗಿರಲ್ಲ. ಹಾಗಂತ ಪ್ರತಿ ವರ್ಷ ಹೋಗಿ ಅಂತ ನಾನು ಹೇಳಲ್ಲ. ಚಿಕ್ಕ ಟೀಮ್ ಆದ್ರೆ ಎರಡು ವರ್ಷಕ್ಕೊಂದ್ಸಲ, ಒಂದು ಬಿಟ್ಟು ಒಂದು ವರ್ಷನ್‌ಗೆ ಹಾರಿದ್ರೆ ಸಾಕು. ಮೂರಕ್ಕಿಂತ ಜಾಸ್ತಿ ಬಿಡೋದು ಬೇಡ, ಒಂದೇ ಸಲಕ್ಕೆ ಓದ್ಬೇಕಾದ ಬದಲಾವಣೆ ರಾಶಿ ಬೀಳತ್ತೆ, ಮತ್ತೆ ಟೀಮಲ್ಲಿ ಹಿಂದಿನ ಸಲ ಮಾಡಿದವರು ಯಾರೂ ಉಳಿದಿರಲ್ಲ.

ಕಾರಣ ಒಂದು ಸಾಲಲ್ಲಿ ಬರೀರಿ

ಎರಡು ತಾರೀಕಿನ ಮಧ್ಯೆ ಆರಾಮಾಗಿ ಕೂತಿದ್ದಾಗ ಬೇಗ ಹೋಗೋಕೆ ಏನಾದ್ರೂ ಕಾರಣ ಇದೆಯಾ ಅಂತ ಕೇಳ್ಕೊಳ್ಳಿ. ಕಾರಣ ಅಂದ್ರೆ ನಿಮಗೆ ಈಗ ಇರೋ ನೋವಿನ ಹೆಸರು ಅದ್ರಲ್ಲಿ ಇರ್ಬೇಕು. "ಪರ್ಫಾರ್ಮೆನ್ಸ್ ಚೆನ್ನಾಗಿದೆಯಂತೆ" ಅನ್ನೋದು ಕಾರಣ ಅಲ್ಲ. "ನಮ್ಮ ಟ್ರಾನ್ಸಾಕ್ಷನ್ ಟೇಬಲ್ ಮೇಲೆ ವ್ಯಾಕ್ಯೂಮ್ ಮುಗೀತಾನೇ ಇಲ್ಲ, ಇಂಡೆಕ್ಸ್‌ಗಳನ್ನ ಮತ್ತೆ ಮತ್ತೆ ಸುತ್ತು ಹೊಡೀತಿದೆ" ಅನ್ನೋದು ಕಾರಣ, ಯಾಕಂದ್ರೆ 17ರಲ್ಲಿ ವ್ಯಾಕ್ಯೂಮ್, ಅಂದ್ರೆ ಸತ್ತ ಸಾಲುಗಳನ್ನ ಗುಡಿಸೋ ಕೆಲಸ, ಮೆಮೊರಿ ಬಳಸೋ ರೀತಿಯನ್ನೇ ಬದಲಿಸಿದಾರೆ, ಹಿಂದೆ ಇದ್ದ 1 ಜಿಬಿ ಮಿತಿ ಹೋಗಿದೆ, 20 ಪಟ್ಟು ತನಕ ಕಡಿಮೆ ಮೆಮೊರಿ ಅಂತ ಅವರೇ ಹೇಳ್ಕೊಂಡಿದಾರೆ. "ಬ್ಯಾಕಪ್‌ಗೆ ದಿನಾ ಪೂರ್ತಿ 2 ಟಿಬಿ ಕಾಪಿ ಆಗ್ತಿದೆ" ಅನ್ನೋದೂ ಕಾರಣ, 17ರಲ್ಲಿ ಇಂಕ್ರಿಮೆಂಟಲ್ ಬ್ಯಾಕಪ್ (ಬದಲಾಗಿದ್ದನ್ನ ಮಾತ್ರ ತಗೊಳ್ಳೋದು) ಬಂತು. 2025ರ ಸೆಪ್ಟೆಂಬರ್ 25ಕ್ಕೆ ಬಂದ 18ರಲ್ಲಿ ಡಿಸ್ಕ್ ಓದೋದನ್ನ ಅಸಿಂಕ್ರೋನಸ್ (ಒಂದು ಓದು ಮುಗಿಯೋವರೆಗೆ ಕಾಯ್ದೆ ಮುಂದಿನದು ಕೇಳೋ ಹಾಗೆ) ಮಾಡಿದಾರೆ, ಎರಡು ಕಾಲಂ ಇಂಡೆಕ್ಸಲ್ಲಿ ಮೊದಲ ಕಾಲಂ ಕೊಡ್ದೆ ಹುಡುಕಿದ್ರೂ ಕೆಲವು ಸಲ ಇಂಡೆಕ್ಸ್ ಕೆಲಸಕ್ಕೆ ಬರೋ ಹಾಗೆ ಸ್ಕಿಪ್ ಸ್ಕ್ಯಾನ್ ಇದೆ. ಇದ್ರಲ್ಲಿ ಯಾವ್ದೂ ನಿಮ್ಮ ನೋವಲ್ಲ ಅಂದ್ರೆ ಕಿಟಕಿ ತೆರೆಯೋವರೆಗೆ ಸುಮ್ನಿರಿ.

ರಿಲೀಸ್ ನೋಟ್ಸ್ ಓದೋ ರೀತಿ

ಹೊಸ ಫೀಚರ್ ಪಟ್ಟಿ ಬಿಡಿ, ಹೊಸ ವರ್ಷನ್‌ಗೆ ಹೋಗೋವಾಗ ಏನು ಮುರಿಯತ್ತೆ ಅಂತ ಒಂದು ಭಾಗ ಇರತ್ತೆ ಮೇಲ್ಗಡೆಯೇ, ಮೈಗ್ರೇಶನ್ ಅನ್ನೋ ತಲೆಬರಹದಲ್ಲಿ. ಅದನ್ನ ಮಾತ್ರ ಪ್ರಿಂಟ್ ತಗೊಂಡು ಪೆನ್ನಿಟ್ಟು ಓದಿ. 13ರಿಂದ 17ಕ್ಕೆ ಹೋಗ್ತಿದೀರಿ ಅಂದ್ರೆ 17ರದ್ದು ಒಂದೇ ಓದಿದ್ರೆ ಆಗಲ್ಲ, 14, 15, 16, 17 ನಾಲ್ಕರದ್ದೂ ಓದ್ಬೇಕು. ಜನ ಇದನ್ನೇ ಬಿಡೋದು.

ನಾನು ಹೆಚ್ಚಾಗಿ ಜನ ಎಡವೋದು ನೋಡಿರೋ ಕೆಲವು ಹೇಳ್ತೀನಿ. 12ರಲ್ಲಿ ವಿತ್ (WITH) ಇಟ್ಟು ಬರೆದ ಕ್ವೆರಿ ಒಳಗಿನ ಭಾಗವನ್ನ ಪ್ಲಾನರ್ (ಕ್ವೆರಿ ಯಾವ ದಾರೀಲಿ ಓಡ್ಬೇಕು ಅಂತ ಆರಿಸೋದು) ಹೊರಗಿನ ಕ್ವೆರಿ ಜೊತೆ ಕರಗಿಸೋಕೆ ಶುರು ಮಾಡ್ತು, ಹಿಂದೆ ಅದು ಗೋಡೆ ತರ ಇರ್ತಿತ್ತು, ಬೇಕಂತಲೇ ಆ ಗೋಡೆ ನಂಬ್ಕೊಂಡು ಬರೆದಿದ್ದ ಕ್ವೆರಿಗಳು ದಾರಿ ತಪ್ಪಿದ್ವು. ಅದೇ 12ರಲ್ಲಿ ಜೆಐಟಿ (ಕ್ವೆರಿ ಓಡೋ ಹೊತ್ತಲ್ಲೇ ಅದನ್ನ ಮಷಿನ್ ಕೋಡ್ ಮಾಡೋದು) ಡೀಫಾಲ್ಟ್ ಆಗಿ ಆನ್ ಆಯ್ತು, ಚಿಕ್ಕ ಚಿಕ್ಕ ಕ್ವೆರಿ ಸಾವಿರಗಟ್ಟಲೆ ಓಡಿಸೋರಿಗೆ ಅದು ಭಾರ ಆಗ್ಬಹುದು. ಬ್ರಿಟನ್ನಿನ ಕೋವಿಡ್ ಡ್ಯಾಶ್‌ಬೋರ್ಡ್‌ನವರು 2021ರ ಕೊನೇಲಿ 14ಕ್ಕೆ ಹೋದಾಗ ರಿಕ್ವೆಸ್ಟ್‌ಗಳು ರಾಶಿ ರಾಶಿ ಫೇಲ್ ಆಗಿ ಕೊನೆಗೆ ಜೆಐಟಿ ಆಫ್ ಮಾಡಿದ್ಮೇಲೆ ಸರಿ ಹೋಗಿದ್ದು, ಅವರ ಟೀಮ್ ಲೀಡೇ ಅದನ್ನ ವಿವರವಾಗಿ ಬರೆದಿದಾರೆ. 13ರಲ್ಲಿ, ಯಾವ ಕ್ವೆರಿ ಎಷ್ಟು ಸಮಯ ತಿಂತು ಅಂತ ತೋರಿಸೋ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್‌ನ ಟೋಟಲ್ ಟೈಮ್ ಕಾಲಂ ಹೆಸರು ಬದಲಾಯ್ತು, ಮಾನಿಟರಿಂಗ್ ಸ್ಕ್ರಿಪ್ಟ್ ಸತ್ತೋಗತ್ತೆ, ಅದೂ ಅಪ್‌ಗ್ರೇಡ್ ರಾತ್ರಿ ನಿಮಗೆ ಅದು ಬೇಕೇ ಬೇಕು ಅನ್ನೋ ಹೊತ್ತಲ್ಲಿ. 14ರಲ್ಲಿ ಪಾಸ್‌ವರ್ಡ್ ಗುಟ್ಟಾಗಿ ಇಡೋ ಡೀಫಾಲ್ಟ್ ರೀತಿ ಹಳೇ ಎಂಡಿ5 ಬದಲು ಸ್ಕ್ರಾಮ್ ಆಯ್ತು, ಅಪ್‌ಗ್ರೇಡ್ ಆದ ದಿನ ಎಲ್ಲ ಚೆನ್ನಾಗಿರತ್ತೆ ಯಾಕಂದ್ರೆ ಹಳೇ ಪಾಸ್‌ವರ್ಡ್‌ಗಳು ಎಂಡಿ5ನಲ್ಲೇ ಇರತ್ತೆ, ಮೂರು ತಿಂಗಳಾದ್ಮೇಲೆ ಯಾರೋ ಪಾಸ್‌ವರ್ಡ್ ಬದಲಿಸ್ತಾರೆ, ಹಳೇ ಜೆಡಿಬಿಸಿ (ಜಾವಾ) ಡ್ರೈವರ್ ಇರೋ ಆಪ್ ಮಾತ್ರ "ಅಥೆಂಟಿಕೇಶನ್ ಟೈಪ್ 10 ಸಪೋರ್ಟ್ ಇಲ್ಲ" ಅಂತ ಬೀಳತ್ತೆ. ಡ್ರೈವರ್ 42.2.0 ಅಥವಾ ಅದಕ್ಕಿಂತ ಹೊಸದು ಇರ್ಲಿ. 15ರಲ್ಲಿ ಹೊಸದಾಗಿ ಮಾಡೋ ಡೇಟಾಬೇಸ್‌ಗಳ ಪಬ್ಲಿಕ್ ಸ್ಕೀಮಾದಲ್ಲಿ (ಟೇಬಲ್‌ಗಳು ಮಾಮೂಲಿಯಾಗಿ ಕೂರೋ ಜಾಗ) ಎಲ್ರಿಗೂ ಟೇಬಲ್ ಮಾಡೋ ಅನುಮತಿ ತೆಗೆದ್ರು, ಬ್ಯಾಕಪ್ ಸ್ಕ್ರಿಪ್ಟಲ್ಲಿ ಬಳಸ್ತಿದ್ದ ಸ್ಟಾರ್ಟ್ ಬ್ಯಾಕಪ್ ಫಂಕ್ಷನ್ ಹೆಸರೂ ಬದಲಾಯ್ತು. 18ರಲ್ಲಿ ಹೊಸ ಕ್ಲಸ್ಟರ್ (ಒಂದು ಸರ್ವರ್‌ನ ಡೇಟಾ ಡೈರೆಕ್ಟರಿ) ಮಾಡಿದ್ರೆ ಡೇಟಾ ಚೆಕ್‌ಸಮ್ (ಡಿಸ್ಕ್ ಮೇಲೆ ಡೇಟಾ ಕೆಟ್ಟಿದ್ರೆ ಹಿಡಿಯೋ ಲೆಕ್ಕ) ತಾನಾಗೇ ಆನ್ ಇರತ್ತೆ, ನಿಮ್ಮ ಹಳೇದ್ರಲ್ಲಿ ಆಫ್ ಇದ್ರೆ ಎರಡೂ ಹೊಂದಲ್ಲ ಅಂತ ಅಪ್‌ಗ್ರೇಡ್ ಟೂಲ್ (pg_upgrade) ನಿಂತ್ಕೊಳ್ಳತ್ತೆ. ಹಳೇದ್ರಲ್ಲಿ ಮುಂಚೆಯೇ ಆನ್ ಮಾಡ್ಕೊಂಡು ಹೋಗೋದು ನನ್ನ ಮಟ್ಟಿಗೆ ಸರಿ ದಾರಿ, ಅದಕ್ಕೆ ಸರ್ವರ್ ನಿಲ್ಲಿಸ್ಬೇಕಾಗತ್ತೆ, ಒಂದು ರಾತ್ರಿ ಅದಕ್ಕೇ ಅಂತ ಇಡಿ.

ಒಂದೊಂದು ಸಾಲಿನ ಪಕ್ಕ "ನಮಗೆ ಸಂಬಂಧ ಇಲ್ಲ", "ಕೋಡ್ ಬದಲಾಗ್ಬೇಕು", "ಟೆಸ್ಟ್ ಮಾಡ್ಬೇಕು" ಅಂತ ಮೂರ್ರಲ್ಲಿ ಒಂದು ಬರೀರಿ. ಕೋಡ್ ಬದಲಾಗ್ಬೇಕು ಅನ್ನೋದೇ ಹತ್ತು ದಾಟಿದ್ರೆ ಈ ಕಿಟಕಿ ಬಿಟ್ಬಿಡಿ, ಮೊದಲು ಆ ಕೋಡ್ ಹಳೇ ವರ್ಷನ್ ಮೇಲೇ ಸರಿ ಮಾಡ್ಕೊಳ್ಳಿ.

ಸುತ್ತಮುತ್ತ ಇರೋದು: ಎಕ್ಸ್‌ಟೆನ್ಶನ್, ಮತ್ತೆ ಓಎಸ್

ಪೋಸ್ಟ್‌ಜಿಐಎಸ್, ಪಿಜಿವೆಕ್ಟರ್, ಟೈಮ್‌ಸ್ಕೇಲ್ ಇಂಥದ್ದೇನಾದ್ರೂ ಇದ್ರೆ ಹೊಸ ಮೇಜರ್‌ಗೆ ಅವು ರೆಡಿ ಇದೆಯಾ ಅಂತ ನೋಡೋದು ಮೊದಲ ಕೆಲಸ, ಡೇಟಾಬೇಸ್ ಬಂದಿದೆ ಎಕ್ಸ್‌ಟೆನ್ಶನ್ ಬಂದಿಲ್ಲ ಅಂದ್ರೆ ಮಾತು ಅಲ್ಲಿಗೇ ಮುಗೀತು. ಕ್ಲೌಡಲ್ಲಿದ್ರೆ ಆ ಕ್ಲೌಡ್‌ನವರು ಆ ಎಕ್ಸ್‌ಟೆನ್ಶನ್ನಿನ ಯಾವ ವರ್ಷನ್ ಕೊಡ್ತಾರೆ ಅನ್ನೋದು ಬೇರೇನೇ ಪಟ್ಟಿ.

ಓಎಸ್ ವಿಷಯ ಸ್ವಲ್ಪ ನಿಧಾನವಾಗಿ ಹೇಳ್ಬೇಕು, ಕನ್ನಡ ಡೇಟಾ ಇಟ್ಕೊಂಡಿರೋ ನಮಗೆ ಇದು ಮುಖ್ಯ. ಟೆಕ್ಸ್ಟ್ ಕಾಲಂ ಮೇಲೆ ಇಂಡೆಕ್ಸ್ ಕಟ್ಟಿದಾಗ ಯಾವ ಅಕ್ಷರ ಮೊದಲು ಯಾವ್ದು ಆಮೇಲೆ ಅನ್ನೋ ಕ್ರಮವನ್ನ ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಓಎಸ್‌ನ ಜಿಲಿಬ್‌ಸಿ ಲೈಬ್ರರಿಯಿಂದ ಕೇಳಿ ತಿಳ್ಕೊಳ್ಳತ್ತೆ. ಜಿಲಿಬ್‌ಸಿ 2.28ರಲ್ಲಿ ಆ ಕ್ರಮವನ್ನ ದೊಡ್ಡದಾಗಿ ಬದಲಿಸಿದ್ರು. ಸೆಂಟ್‌ಓಎಸ್ 7 ಹಳೇ ಕ್ರಮದಲ್ಲಿದೆ, ರೆಡ್‌ಹ್ಯಾಟ್ 8 ಹೊಸದ್ರಲ್ಲಿದೆ, ಉಬುಂಟು 18.04 ಹಳೇದು, 20.04 ಹೊಸದು, ಡೆಬಿಯನ್‌ನಲ್ಲಿ 10ರಿಂದ ಹೊಸದು. ಈಗ ಯೋಚನೆ ಮಾಡಿ, ಹಳೇ ಓಎಸ್ ಮೇಲೆ ಒಂದು ಕ್ರಮದಲ್ಲಿ ಜೋಡಿಸಿಟ್ಟ ಇಂಡೆಕ್ಸ್ ಫೈಲನ್ನ ಹಾಗೇ ಎತ್ಕೊಂಡು ಹೊಸ ಓಎಸ್ ಮೇಲೆ ಇಟ್ರೆ, ಹುಡುಕೋ ಕ್ರಮ ಬೇರೆ ಜೋಡಿಸಿದ ಕ್ರಮ ಬೇರೆ. ಗ್ರಾಹಕರ ಹೆಸರು ಟೇಬಲ್‌ನಲ್ಲಿ ಕಣ್ಣಿಗೆ ಕಾಣತ್ತೆ, ಹುಡುಕಿದ್ರೆ ಇಲ್ಲ ಅನ್ನತ್ತೆ, ಯುನಿಕ್ ಇರ್ಬೇಕಾದ ಕಡೆ ಅದೇ ಹೆಸರು ಎರಡು ಸಲ ಕೂರತ್ತೆ. ಹಳೇ ಓಎಸ್‌ನಿಂದ ಹೊಸ ಓಎಸ್‌ಗೆ ರೆಪ್ಲಿಕಾ ಕಟ್ಟಿ ಅದನ್ನೇ ಪ್ರೈಮರಿ (ಮುಖ್ಯ ಸರ್ವರ್) ಮಾಡಿದಾಗಲೂ ಇದೇ ಕಥೆ. ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ಕ್ಕೆ ಸಪೋರ್ಟ್ ನಿಂತಾಗ ಎಷ್ಟೋ ಕಡೆ ಓಎಸ್ ಮತ್ತೆ ಡೇಟಾಬೇಸ್ ಎರಡೂ ಒಂದೇ ರಾತ್ರಿ ಬದಲಿಸೋ ಆತುರ ಇತ್ತು.

ನನ್ನ ಸಲಹೆ, ಎರಡನ್ನೂ ಒಂದೇ ದಿನ ಬೇಡ, ಮಾಡ್ಲೇಬೇಕಾದ್ರೆ ಡಂಪ್ (ಇಡೀ ಡೇಟಾದ ಎಕ್ಸ್‌ಪೋರ್ಟ್) ತೆಗೆದು ರಿಸ್ಟೋರ್ ಮಾಡಿ ಅಥವಾ ಲಾಜಿಕಲ್ ರೆಪ್ಲಿಕೇಶನ್ (ಫೈಲ್ ಬದಲು ಸಾಲು ಸಾಲಾಗಿ ಡೇಟಾ ಹರಿಸೋದು) ಬಳಸಿ, ಅಲ್ಲಿ ಇಂಡೆಕ್ಸ್ ಹೊಸದಾಗೇ ಕಟ್ಟತ್ತೆ. ಫೈಲ್ ಹಾಗೇ ಒಯ್ದಿದ್ರೆ ಟೆಕ್ಸ್ಟ್ ಇಂಡೆಕ್ಸ್ ಅಷ್ಟೂ ರೀಇಂಡೆಕ್ಸ್ ಮಾಡಿ, "ನಮ್ದು ಬರೀ ಕನ್ನಡ ಹೆಸರು, ಏನಾಗಲ್ಲ" ಅಂತ ಊಹೆ ಮೇಲೆ ಬಿಡ್ಬೇಡಿ. ಪರೀಕ್ಷೆ ಮಾಡೋಕೆ ಸುಲಭದ ದಾರಿ ಇದೆ, ಎರಡೂ ಓಎಸ್ ಮೇಲೆ 1-1 ಅಂತ ಒಂದು ಸಾಲು, 11 ಅಂತ ಒಂದು ಸಾಲು ಇಂಗ್ಲಿಷ್ ಲೊಕೇಲ್‌ನಲ್ಲಿ ಸಾರ್ಟ್ ಮಾಡಿ, ಹಳೇದ್ರಲ್ಲಿ 11 ಮೊದಲು ಬರತ್ತೆ, ಹೊಸದ್ರಲ್ಲಿ 1-1 ಮೊದಲು ಬರತ್ತೆ.

ರಿಹರ್ಸಲ್, ನಿಮ್ಮದೇ ಡೇಟಾ ಮೇಲೆ

ಇಡೀ ತೀರ್ಮಾನದಲ್ಲಿ ಅತಿ ಹೆಚ್ಚು ತೂಕ ಇರೋದು ಇದಕ್ಕೇ. ಬೇರೆಯವರ ಬೆಂಚ್‌ಮಾರ್ಕ್ ನಿಮ್ಮ ಕ್ವೆರಿ ಬಗ್ಗೆ ಏನೂ ಹೇಳಲ್ಲ. ನಿನ್ನೆ ರಾತ್ರಿ ಬ್ಯಾಕಪ್ ತಗೊಂಡು ಬೇರೆ ಮಷಿನ್ನಲ್ಲಿ ರಿಸ್ಟೋರ್ ಮಾಡಿ, ಇದ್ರಿಂದ ಬ್ಯಾಕಪ್ ನಿಜವಾಗ್ಲೂ ರಿಸ್ಟೋರ್ ಆಗತ್ತಾ ಅನ್ನೋದೂ ಗೊತ್ತಾಗತ್ತೆ, ಅದೇ ಒಂದು ದೊಡ್ಡ ಲಾಭ. ಡೇಟಾ ಪೂರ್ತಿ ಗಾತ್ರದ್ದೇ ಇರ್ಬೇಕು, ಹತ್ತರಲ್ಲೊಂದು ಭಾಗ ಇಟ್ಟು ಟೆಸ್ಟ್ ಮಾಡಿದ್ರೆ ಪ್ಲಾನರ್ ಬೇರೆಯದೇ ಪ್ಲಾನ್ ಆರಿಸತ್ತೆ. ಗ್ರಾಹಕರ ಫೋನ್ ನಂಬರ್, ಆಧಾರ್ ಇದ್ರೆ ಆ ಮಷಿನ್ನಿಗೂ ಪ್ರೊಡಕ್ಷನ್ನಿನಷ್ಟೇ ಕಾವಲು ಇರ್ಲಿ.

ಮೊದಲು ಅಪ್‌ಗ್ರೇಡ್ ಟೂಲ್‌ನ ಚೆಕ್ ಆಪ್ಶನ್ ಹಾಕಿ ಓಡಿಸಿ, ಅದು ಏನೂ ಬದಲಿಸಲ್ಲ, ಬರೀ ಅಡ್ಡಿ ಏನಿದೆ ಹೇಳತ್ತೆ. ಆಮೇಲೆ ನಿಜವಾಗಿ ಓಡಿಸಿ, ಕೈಯಲ್ಲಿ ಗಡಿಯಾರ ಇಟ್ಕೊಳ್ಳಿ. ಬಂದ ಸಮಯದ ಎರಡು ಪಟ್ಟು ಡೌನ್‌ಟೈಮ್ ಕೇಳಿ. ಇನ್ನು ಕ್ವೆರಿಗಳು, ಪ್ರೊಡಕ್ಷನ್ನಲ್ಲಿ ಒಟ್ಟು ಸಮಯ ಹೆಚ್ಚು ತಿನ್ನೋ 50 ಕ್ವೆರಿ ಆರಿಸ್ಕೊಂಡು ಹಳೇದು ಹೊಸದು ಎರಡರ ಮೇಲೂ ಎಕ್ಸ್‌ಪ್ಲೇನ್ ಅನಲೈಜ್ (ಕ್ವೆರಿ ಓಡಿಸಿ ಅದರ ಪ್ಲಾನ್, ಸಮಯ ತೋರಿಸೋ ಕಮಾಂಡ್) ಹಾಕಿ ಪಕ್ಕಪಕ್ಕ ಇಟ್ಟು ನೋಡಿ. ಎಲ್ಲ ವೇಗ ಆಗ್ಬೇಕು ಅಂತಿಲ್ಲ. ಒಂದೇ ಒಂದು ಕ್ವೆರಿ 5 ಮಿಲಿಸೆಕೆಂಡಿಂದ 5 ಸೆಕೆಂಡಿಗೆ ಹೋಗಿದ್ರೆ ಅದೇ ನಿಮ್ಮ ಸೋಮವಾರ ಬೆಳಗ್ಗೆ ಹಾಳು ಮಾಡೋದು, ಉಳಿದ 49 ಚೆನ್ನಾಗಿದ್ರೂ ಉಪಯೋಗ ಇಲ್ಲ. ತಿಂಗಳಿಗೊಂದ್ಸಲ ಓಡೋ ರಿಪೋರ್ಟ್, ಸಂಬಳದ ಬ್ಯಾಚ್, ಇವು ಆ 50ರಲ್ಲಿ ಬರಲ್ಲ, ಕೇಳಿ ತಿಳ್ಕೊಂಡು ಸೇರಿಸಿ, ಅಕೌಂಟ್ಸ್ ಸೆಕ್ಷನ್ನಿನ ಮೇಡಂ ಹತ್ರ ಹೋಗಿ ಕೂತ್ರೆ ಅರ್ಧ ಗಂಟೇಲಿ ಪಟ್ಟಿ ಸಿಗತ್ತೆ.

ಒಂದು ವಿಷಯ ನನ್ನ ಅನುಭವದಿಂದ. ಹಿಂದೆ ಒಂದು ಕಡೆ ಶನಿವಾರ ರಾತ್ರಿ 11ರಿಂದ 13ಕ್ಕೆ ಹೋದ್ವಿ, ಅಪ್‌ಗ್ರೇಡ್ 20 ನಿಮಿಷಕ್ಕೆ ಆಯ್ತು, ನಾಲ್ಕು ಪೇಜ್ ತೆಗೆದು ನೋಡಿದ್ವಿ, ಚೆನ್ನಾಗಿತ್ತು, ಮನೆಗೆ ಹೋದ್ವಿ. ಸೋಮವಾರ ಹತ್ತು ಗಂಟೆಗೆ ಸಿಪಿಯು 100ಕ್ಕೆ ಹೋಗಿ ಇಡೀ ಆಪ್ ನಿಂತೋಯ್ತು. ಅಪ್‌ಗ್ರೇಡ್ ಟೂಲ್ ಟೇಬಲ್‌ಗಳ ಸ್ಟ್ಯಾಟಿಸ್ಟಿಕ್ಸ್ ಹೊಸದಕ್ಕೆ ಒಯ್ಯಲ್ಲ, ಅದನ್ನ ಹೊಸದಾಗಿ ಲೆಕ್ಕ ಹಾಕೋ ಅನಲೈಜ್ ಕಮಾಂಡ್ ನಾವೇ ಓಡಿಸ್ಬೇಕಿತ್ತು, ಓಡಿಸಿರ್ಲಿಲ್ಲ, ಪ್ಲಾನರ್‌ಗೆ ಯಾವ ಟೇಬಲ್ ಸ್ವರೂಪ ಏನು ಅಂತಾನೇ ಗೊತ್ತಿಲ್ದೆ ಕೋಟಿ ಸಾಲಿನ ಟೇಬಲ್‌ನ ಮೊದಲಿಂದ ಕೊನೆವರೆಗೆ ಓದ್ತಾ ಕೂತಿತ್ತು. ಕಾರಣ ಸಿಗೋಕೆ ಎರಡು ಗಂಟೆ, ಆ ಎರಡು ಗಂಟೆ ಕೌಂಟರ್ ಮುಂದೆ ಜನ ನಿಂತಿದ್ರು. ಅದು ಇವತ್ತಿಗೂ ನನ್ನ ಮನಸ್ಸಲ್ಲಿದೆ. 17 ಅಥವಾ ಅದಕ್ಕಿಂತ ಹಿಂದಿನದಕ್ಕೆ ಹೋಗ್ತಿದ್ರೆ ಅನಲೈಜ್‌ನ ಹಂತ ಹಂತವಾಗಿ ಓಡಿಸೋ ಆಪ್ಶನ್ ಇದೆ, ಅದನ್ನ ಡೌನ್‌ಟೈಮ್ ಒಳಗೇ ಲೆಕ್ಕ ಹಿಡೀರಿ. 18ರಿಂದ ಸ್ಟ್ಯಾಟಿಸ್ಟಿಕ್ಸ್ ಜೊತೆಗೇ ಬರತ್ತೆ, ಆದ್ರೆ ನಾವೇ ವಿಶೇಷವಾಗಿ ಮಾಡಿಟ್ಟ ಎಕ್ಸ್‌ಟೆಂಡೆಡ್ ಸ್ಟ್ಯಾಟಿಸ್ಟಿಕ್ಸ್ ಬರಲ್ಲ, ಅದಕ್ಕೆ ಅನಲೈಜ್ ಬೇಕೇ ಬೇಕು.

ವಾಪಸ್ ಬರೋ ದಾರಿ ಇಲ್ದೆ ಹೊರಡ್ಬೇಡಿ

ಮೇಜರ್ ಅಪ್‌ಗ್ರೇಡ್ ಆದ್ಮೇಲೆ ಹಿಂದಕ್ಕೆ ಬರೋ ಬಟನ್ ಇಲ್ಲ. ಅಪ್‌ಗ್ರೇಡ್ ಟೂಲ್‌ನ ಲಿಂಕ್ ಮೋಡ್ ನಿಮಿಷಗಳಲ್ಲಿ ಮುಗಿಯತ್ತೆ ಅಂತ ಎಲ್ರಿಗೂ ಇಷ್ಟ, ಆದ್ರೆ ಹೊಸ ಸರ್ವರ್ ಒಂದ್ಸಲ ಸ್ಟಾರ್ಟ್ ಆಯ್ತೋ ಹಳೇದನ್ನ ಮತ್ತೆ ಎಬ್ಬಿಸೋದು ಸುರಕ್ಷಿತ ಅಲ್ಲ, ಎರಡೂ ಅದೇ ಫೈಲುಗಳನ್ನ ಹಂಚ್ಕೊಂಡಿರತ್ತೆ. ಡಿಸ್ಕ್ ಜಾಗ ಇದ್ರೆ ಕಾಪಿ ಮೋಡ್ ಬಳಸಿ. ಅಥವಾ ಅಪ್‌ಗ್ರೇಡ್‌ಗೆ ಮುಂಚೆ ಒಂದು ರೆಪ್ಲಿಕಾ ಕಡಿದು ಹಳೇ ವರ್ಷನ್‌ನಲ್ಲೇ ಪಕ್ಕಕ್ಕೆ ನಿಲ್ಲಿಸಿ.

ಡೌನ್‌ಟೈಮ್ ಕೊಡೋಕೆ ಆಗಲ್ಲ ಅನ್ನೋರಿಗೆ ಲಾಜಿಕಲ್ ರೆಪ್ಲಿಕೇಶನ್, ಹಳೇ ಸರ್ವರ್‌ನಿಂದ ಹೊಸದಕ್ಕೆ ಡೇಟಾ ಹರೀತಾ ಇರತ್ತೆ, ಹಿಡಿದ ಮೇಲೆ ಆಪ್‌ನ ಹೊಸದಕ್ಕೆ ತಿರುಗಿಸೋದು, ಆಮೇಲೆ ದಿಕ್ಕು ಉಲ್ಟಾ ಮಾಡಿ ಹೊಸದ್ರಿಂದ ಹಳೇದಕ್ಕೆ ಹರಿಸಿದ್ರೆ ಒಂದು ವಾರ ಆದ್ಮೇಲೂ ಡೇಟಾ ಕಳ್ಕೊಳ್ದೆ ವಾಪಸ್ ಬರ್ಬಹುದು. ಇದಕ್ಕೆ ತಯಾರಿ ಜಾಸ್ತಿ, ಪ್ರೈಮರಿ ಕೀ ಇಲ್ದಿರೋ ಟೇಬಲ್‌ಗಳಲ್ಲಿ ಅಪ್‌ಡೇಟ್ ನಿಂತೋಗತ್ತೆ, ಸ್ಕೀಮಾ ಬದಲಾವಣೆ ಹೋಗಲ್ಲ, ಸೀಕ್ವೆನ್ಸ್ (ತಾನಾಗೇ ಏರೋ ಐಡಿ) ನಂಬರ್ ಹೋಗಲ್ಲ. ಸೀಕ್ವೆನ್ಸ್ ಮರೆತವರಿಗೆ ತಿರುಗಿಸಿದ ಮೊದಲ ನಿಮಿಷದಲ್ಲೇ ಡೂಪ್ಲಿಕೇಟ್ ಕೀ ಎರರ್ ಸುರಿಯತ್ತೆ.

ಮತ್ತೆ, ಯಾವ ಪರಿಸ್ಥಿತೀಲಿ ವಾಪಸ್ ಬರೋದು, ಯಾರು ಹೇಳೋದು ಅನ್ನೋದನ್ನ ಮೊದಲೇ ಬರೆದಿಡಿ. ರಾತ್ರಿ ಮೂರು ಗಂಟೆಗೆ ಎಲ್ರಿಗೂ "ಇನ್ನೊಂದು ಹದಿನೈದು ನಿಮಿಷ ನೋಡೋಣ" ಅನ್ಸತ್ತೆ, ಹಾಗೇ ಬೆಳಗಾಗತ್ತೆ.

ದಿನ ಆರಿಸೋದು

ಕ್ಯಾಲೆಂಡರ್ ತೆಗೀರಿ. ಬಿಲ್ಲಿಂಗ್, ಅಕೌಂಟಿಂಗ್ ಸಾಫ್ಟ್‌ವೇರ್ ಆದ್ರೆ ಜಿಎಸ್‌ಟಿ ರಿಟರ್ನ್‌ನ 11 ಮತ್ತೆ 20ನೇ ತಾರೀಕಿನ ಹಿಂದಿನ ಮೂರ್ನಾಲ್ಕು ದಿನ ಬೇಡ, ತಿಂಗಳ ಕೊನೆ ಬೇಡ, ಸಂಬಳದ ವಾರ ಬೇಡ, ಮಾರ್ಚ್ ಪೂರ್ತಿ ಬೇಡ. ಕಾಲೇಜು, ಕೋಚಿಂಗ್ ಕಡೆಯವರಿಗೆ ರಿಸಲ್ಟ್ ಮತ್ತೆ ಅಡ್ಮಿಶನ್ ಸಮಯ ಬೇಡ, ಅವರಿಗೆ ಜೂನ್ ಜುಲೈ ಕಿಟಕಿ ಒಗ್ಗಲ್ಲ, ಡಿಸೆಂಬರ್ ನೋಡ್ಬಹುದು. ಲಾಂಗ್ ವೀಕೆಂಡ್ ಖಾಲಿ ಇದೆ ಅಂತ ಅವತ್ತು ಇಟ್ಕೊಳ್ಳೋದು ನಾನು ಒಪ್ಪಲ್ಲ, ಎಲ್ರೂ ಊರಿಗೆ ಹೋಗಿರ್ತಾರೆ, ಆ ಹಳೇ ಮಾಡ್ಯೂಲ್ ಗೊತ್ತಿರೋ ಒಬ್ಬರು ಅದೇ ಹೊತ್ತಿಗೆ ಶಿರಾಡಿ ಘಾಟಲ್ಲಿ ಬಸ್ಸಲ್ಲಿ ನೆಟ್‌ವರ್ಕ್ ಇಲ್ದೆ ಇರ್ತಾರೆ. ಮಾಮೂಲಿ ಶನಿವಾರ ರಾತ್ರಿ, ಭಾನುವಾರ ಪೂರ್ತಿ ಟೆಸ್ಟ್, ಸೋಮವಾರ ಮಂಗಳವಾರ ಎಲ್ರೂ ಸೀಟಲ್ಲಿ ಇರೋ ವಾರ, ಅದು ಸರಿ.

ಮೈಎಸ್‌ಕ್ಯೂಎಲ್ ಇರೋರಿಗೆ

ಲೆಕ್ಕ ಅದೇ, ಆದ್ರೆ ಮೂರು ವ್ಯತ್ಯಾಸ. ಒಂದು, ಇಲ್ಲಿ ಈಗ ಎರಡು ಸಾಲು ಇದೆ, 8.4 ತರದ್ದು ಎಲ್‌ಟಿಎಸ್ (ವರ್ಷಗಟ್ಟಲೆ ಸಪೋರ್ಟ್ ಇರೋದು), 9.0 ತರದ್ದು ಇನ್ನೋವೇಶನ್ ರಿಲೀಸ್ (ಹೊಸ ಫೀಚರ್ ಬೇಗ ಬರೋದು, ಸಪೋರ್ಟ್ ಬೇಗ ಮುಗಿಯೋದು). ಪ್ರೊಡಕ್ಷನ್‌ಗೆ ಎಲ್‌ಟಿಎಸ್ ಬಿಟ್ಟು ಬೇರೆ ಯೋಚನೆ ಬೇಡ. 5.7ಕ್ಕೆ 2023ರ ಅಕ್ಟೋಬರಲ್ಲೇ ಸಪೋರ್ಟ್ ಮುಗೀತು, 8.0ಗೆ 2026ರ ಏಪ್ರಿಲ್. ಎರಡು, 5.7ರಿಂದ ಸೀದಾ 8.4ಕ್ಕೆ ಹಾರೋಕಾಗಲ್ಲ, 8.0 ಮೇಲೆ ಕಾಲಿಟ್ಟೇ ಹೋಗ್ಬೇಕು, ಮತ್ತೆ 8.0ಯಿಂದ 5.7ಕ್ಕೆ ಇಳಿಯೋ ದಾರಿ ಇಲ್ಲ. 8.4ರಲ್ಲಿ ಹಳೇ ನೇಟಿವ್ ಪಾಸ್‌ವರ್ಡ್ ಪ್ಲಗಿನ್ ಡೀಫಾಲ್ಟ್ ಆಗಿ ಆಫ್, ಹಳೇ ಪಿಎಚ್‌ಪಿ ಆಪ್ ಇಟ್ಕೊಂಡಿರೋರು ಅದನ್ನ ಮೊದಲು ನೋಡಿ. ಮೂರನೇದು, ಇಲ್ಲಿ ಮೈನರ್‌ನೂ ಮೇಜರ್‌ನಷ್ಟೇ ಅನುಮಾನದಿಂದ ನೋಡಿ, ಯಾಕಂದ್ರೆ 8.0 ಸಾಲಿನ ಮೈನರ್‌ಗಳಲ್ಲಿ ಹೊಸ ಫೀಚರೂ ಬರ್ತಿತ್ತು. 2024ರ ಜುಲೈನಲ್ಲಿ ಬಂದ 8.0.38, 8.4.1, 9.0.0 ಮೂರರಲ್ಲೂ 10,000ಕ್ಕಿಂತ ಹೆಚ್ಚು ಟೇಬಲ್ ಇದ್ರೆ ರೀಸ್ಟಾರ್ಟ್ ಮಾಡಿದಾಗ ಸರ್ವರ್ ಕ್ರ್ಯಾಶ್ ಆಗ್ತಿತ್ತು, ಅದನ್ನ ವಾಪಸ್ ತಗೊಂಡು ಅದೇ ತಿಂಗಳು 8.0.39, 8.4.2, 9.0.1 ಬಿಟ್ರು. ಒಂದೊಂದು ಗ್ರಾಹಕರಿಗೂ ಬೇರೆ ಬೇರೆ ಟೇಬಲ್ ಸೆಟ್ ಮಾಡಿಟ್ಟಿರೋ ಸಾಫ್ಟ್‌ವೇರ್‌ಗಳಲ್ಲಿ 10,000 ದಾಟೋದು ದೊಡ್ಡ ಮಾತೇನಲ್ಲ.

ಎಷ್ಟು ಸಮಯ ಹಿಡಿಯತ್ತೆ ಅನ್ನೋರಿಗೆ ಒಂದು ಅಳತೆ, ಗಿಟ್‌ಹಬ್‌ನವರು 1,200ಕ್ಕೂ ಹೆಚ್ಚು ಮೈಎಸ್‌ಕ್ಯೂಎಲ್ ಹೋಸ್ಟ್‌ಗಳನ್ನ 8.0ಗೆ ಒಯ್ಯೋಕೆ ಒಂದು ವರ್ಷಕ್ಕಿಂತ ಹೆಚ್ಚು ತಗೊಂಡ್ರು, ಉದ್ದಕ್ಕೂ ಹಳೇ 5.7 ಸರ್ವರ್‌ಗಳನ್ನ ಪಕ್ಕದಲ್ಲಿ ಉಳಿಸಿ ಅದಕ್ಕೆ ವಾಪಸ್ ಬರೋ ಹಾಗೆ ಇಟ್ಕೊಂಡೇ. ನಿಮ್ಮಲ್ಲಿ ನಾಲ್ಕು ಸರ್ವರ್ ಇರ್ಬಹುದು, ಆ ಕ್ರಮ ಮಾತ್ರ ಅದೇ.

ಹೋದ್ಮೇಲೆ

ಮೊದಲ ವಾರ ದಿನಾ ಬೆಳಗ್ಗೆ ಆ 50 ಕ್ವೆರಿ ಪಟ್ಟಿ ಮತ್ತೆ ನೋಡಿ, ಎಕ್ಸ್‌ಟೆನ್ಶನ್‌ಗಳ ಅಪ್‌ಡೇಟ್ ಕಮಾಂಡ್ ಓಡಿಸಿದೀರಾ ನೋಡಿ, ಹೊಸ ಸರ್ವರ್‌ದು ಬ್ಯಾಕಪ್ ತೆಗೆದು ಅದನ್ನೂ ಒಂದ್ಸಲ ರಿಸ್ಟೋರ್ ಮಾಡಿ. ಹಳೇ ಡೇಟಾ ಡೈರೆಕ್ಟರಿಯನ್ನ ಜಾಗ ಬೇಕು ಅಂತ ಮೂರನೇ ದಿನಕ್ಕೇ ಅಳಿಸ್ಬೇಡಿ, ಒಂದು ತಿಂಗಳ ಕೊನೆ ಕ್ಲೋಸಿಂಗ್ ಹೊಸ ವರ್ಷನ್ ಮೇಲೆ ಸರಿಯಾಗಿ ಆಗಿ, ಅಕೌಂಟ್ಸ್‌ನವರು ಲೆಕ್ಕ ತಾಳೆ ಆಯ್ತು ಅಂತ ಬಾಯ್ಬಿಟ್ಟು ಹೇಳಿದ್ಮೇಲೆ ಅಳಿಸಿ. ಆಮೇಲೆ ಆ ಶೀಟ್ ತೆಗೆದು ಹೊಸ ವರ್ಷನ್‌ಗೆ ಸಪೋರ್ಟ್ ಮುಗಿಯೋ ತಾರೀಕು ಕೆಂಪಲ್ಲಿ ಬರೀರಿ, ಅದ್ರ ಹಿಂದಿನ ವರ್ಷಕ್ಕೆ ಗೆರೆ ಹಾಕಿ.